ಕೃಷಕ್‌ನ ಕೊರಳಿಗೆ

ಬಸವನ ಬಾಗೇವಾಡಿ
3 ಜೂನ್ 2024

ಪೂಜ್ಯ ರಾಚಪ್ಪನವರಿಗೆ,

ನಮಸ್ಕಾರ. ನೀವು ನನ್ನನ್ನು ಕಂಡವರಲ್ಲ. ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ, ಹೆಸರು ವರದಾ. ದೇವಣಗಾಂವದ ಅಂಚೆ ಕಚೇರಿಗೆ ಫೋನ್ ಮಾಡಿ ನಿಮ್ಮನ್ನು ವಿಚಾರಿಸಿದೆ. "ಅದಾರ್ರಿ, ಗಟ್ಟಿ ಅದಾರ. ಆದ್ರ ಕಿವಿ ಕೇಳಂಗಿಲ್ಲ, ಫೋನ್ ಅಂದ್ರ ಬಡಿಯಾಕ ಬರ್ತಾರ. ಕಾಗದಾ ಬರೀರಿ" ಎಂದರು. ಅದಕ್ಕೇ ಈ ಕಾಗದ.

ನನಗೊಂದು ಹುಚ್ಚಿದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿದೆ. ಆಟ ಎಂದರೆ ಸಿಟ್ಟಾಗುವವರೂ ಇದ್ದಾರೆ, ಏಕೆಂದರೆ ಅಲ್ಲಿ ಗಾಳಿ, ತೂಕ, ಇಂಜಿನ್ನಿನ ಬಿಸಿ ಎಲ್ಲವೂ ನಿಜದಂತೆಯೇ ನಡೆಯುತ್ತವೆ. ಆ ಆಟಕ್ಕಾಗಿ ಹಳೆಯ ವಿಮಾನಗಳನ್ನು ಅಳತೆ ಹಿಡಿದು ಮರಳಿ ಕಟ್ಟುವ ಒಂದಿಷ್ಟು ಜನ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು. ಈಗ ಕಟ್ಟುತ್ತಿರುವುದು ಕೃಷಕ್. ಯುದ್ಧದಲ್ಲಿ ತೋಪಿನವರಿಗೆ ಮೇಲಿನಿಂದ ಗುರಿ ನೋಡಿ ಹೇಳುತ್ತ, ಸಾಹೇಬರನ್ನೂ ಸುದ್ದಿಯನ್ನೂ ಒಂದು ಠಾಣೆಯಿಂದ ಇನ್ನೊಂದಕ್ಕೆ ಒಯ್ಯುತ್ತ ಓಡಾಡಿದ ಆ ಪುಟ್ಟ ವಿಮಾನ. ನಿಮಗೆ ನಾನು ಹೇಳಬೇಕೇ!

ಹಳೆಯ ಪುಸ್ತಕವೊಂದರ ನಡುವೆ ನನಗೆ ಒಂದು ಫೋಟೋ ಸಿಕ್ಕಿತು. ಮರಳಿನ ಮೇಲೆ ಕೃಷಕ್ ನಿಂತಿದೆ. ತೆಳ್ಳನೆಯ ಹುಡುಗನೊಬ್ಬ ಅದರ ಗಾಜು ಒರೆಸುತ್ತಿದ್ದಾನೆ. ಹಿಂದುಗಡೆ "ಫಿಟ್ಟರ್ ರಾಚಪ್ಪ, ದೇವಣಗಾಂವ, 1971" ಎಂದು ಬರೆದಿದೆ. ಅದರ ನಕಲನ್ನೂ ನನ್ನ ಚಿತ್ರಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ತಪ್ಪು ಎಲ್ಲೆಲ್ಲಿದೆ, ದಯವಿಟ್ಟು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಇನ್ನೊಂದು ಪ್ರಶ್ನೆ: ಫೋಟೋದಲ್ಲಿ ಗಾಜಿನ ಹಿಂದೆ, ಮೇಲಿನ ಕೊಳವೆಯಿಂದ, ಏನೋ ಸಣ್ಣದೊಂದು ತೂಗುತ್ತಿದೆ. ಅದು ಏನು?

ಅವಸರ ಯಾಕೆಂದು ಹೇಳಿಬಿಡುತ್ತೇನೆ. ನನಗೆ ಗೊತ್ತಿರುವ ಹಿರಿಯರೊಬ್ಬರು ಕೃಷಕ್ ಹಾರಿಸಿದವರು, ಈಗ ಎಂಬತ್ತರ ಮೇಲೆ. ಗ್ಲಾಕೋಮಾ ಎಂಬ ಕಾಯಿಲೆಯಿಂದ ಅವರ ಕಣ್ಣು ಹೋಗುತ್ತಿದೆ. ಉಳಿದಿರುವ ನೋಟ ದೀಪಾವಳಿವರೆಗೆ ಇದ್ದರೆ ಪುಣ್ಯ ಎಂದು ವಿಜಯಪುರದ ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಅವರು ಒಂದು ಸಲ ಕೃಷಕ್ ಹಾರಿಸಿ ಕೆಳಗಿಳಿಸಬೇಕು. ನನಗೆ ಬೇಕಾದದ್ದು ಇಷ್ಟೇ.

ಇಂತಿ ನಮಸ್ಕಾರಗಳು,
ವರದಾ


ದೇವಣಗಾಂವ, ತಾ. ಸಿಂದಗಿ
24 ಜೂನ್ 2024

ಶ್ರೀಮತಿ ವರದಾಬಾಯಿಯವರಿಗೆ ರಾಚಪ್ಪನ ಶರಣು.

ನಿಮ್ಮ ಕಾಗದ ಮುಟ್ಟಿ ಹದಿನೈದು ದಿನವಾಯಿತು. ಮೊದಲು ಬಿತ್ತನೆ, ಆಮೇಲೆ ಕಾರಹುಣ್ಣಿಮೆ. ಎತ್ತಿನ ಕೋಡಿಗೆ ಬಣ್ಣ ಹಚ್ಚುವುದು ಬಿಟ್ಟು ಕಾಗದ ಬರೆಯುತ್ತ ಕೂತರೆ ನಮ್ಮ ಬಾಳಮ್ಮ ಊಟ ಹಾಕುವುದಿಲ್ಲ. ಬಾಳಮ್ಮ ಅಂದರೆ ನನ್ನ ಹೆಂಡತಿ. ನನಗೆ ಕಿವಿ ಕೇಳದಿದ್ದರೂ ಆಕೆ ಬೈದದ್ದು ಮಾತ್ರ ಹೇಗೋ ತಿಳಿಯುತ್ತದೆ.

ಚಿತ್ರ ನೋಡಿದೆ. ಕೈ ಒಳ್ಳೆಯದಿದೆ, ತಲೆ ಅವಸರದ್ದು. ನೀವು ವಿಮಾನವನ್ನು ಬಸ್ಸಿನ ಹಾಗೆ ಸಪಾಟಾಗಿ ನಿಲ್ಲಿಸಿದ್ದೀರಿ. ಕೃಷಕ್‌ನ ಸಣ್ಣ ಗಾಲಿ ಬಾಲದ ಕೆಳಗೆ ಇತ್ತು. ನೆಲದ ಮೇಲಿದ್ದಾಗ ಅದು ಮೂಗು ಮೇಲೆತ್ತಿಕೊಂಡು ನಿಲ್ಲುತ್ತಿತ್ತು, ಮುಂದಿನದು ಏನೂ ಕಾಣುತ್ತಿರಲಿಲ್ಲ. ಅದಕ್ಕೇ ಸಾಹೇಬರು ನೆಲದ ಮೇಲೆ ಓಡಿಸುವಾಗ ಹಾವಿನಂತೆ ಅತ್ತ ಇತ್ತ ತಿರುಗಿಸುತ್ತ ಹೋಗುತ್ತಿದ್ದರು. ಇನ್ನು ಮೈ ಅಂದರೆ ತಗಡಲ್ಲ, ಬಟ್ಟೆ. ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಸಿ, ಅದು ಬಿಗಿಯಾಗಲೆಂದು ಒಂದು ಎಣ್ಣೆ ಬಳಿಯುತ್ತಿದ್ದೆವು. ನೀವು ಹೆಣ್ಣುಮಕ್ಕಳು ಉಗುರಿಗೆ ಹಚ್ಚುವ ಬಣ್ಣದ ವಾಸನೆಯೇ ಅದಕ್ಕೂ. ನನ್ನ ಮೊಮ್ಮಗಳು ಉಗುರು ಬಳಿಯುತ್ತ ಕೂತರೆ ನನಗೆ ಇವತ್ತಿಗೂ ರಾಜಸ್ಥಾನ ನೆನಪಾಗುತ್ತದೆ. ಇವೂ ಸೇರಿ ಹನ್ನೊಂದು ತಪ್ಪಿಗೆ ಗುರುತು ಹಾಕಿದ್ದೇನೆ. ಶಾಯಿ ಕೆಂಪಲ್ಲ, ಹಸಿರು. ಮನೆಯಲ್ಲಿ ಇದ್ದದ್ದು ಅದು.

ಪಲ್ಟನ್ನಿನಿಂದ ಬಂದ ಮೇಲೆ ನಾನು ಈ ಕಡೆಯ ಊರುಗಳ ಪಂಪ್‌ಸೆಟ್ ರಿಪೇರಿ ಮಾಡುತ್ತ ಬಂದವನು. ಭೀಮಾ ನದಿಯ ದಂಡೆಗುಂಟ ನಾನು ಬಿಚ್ಚದ ಮೋಟಾರಿಲ್ಲ. ಆದರೂ ನಲವತ್ತು ವರ್ಷದಲ್ಲಿ ಯಾರೂ ನನಗೆ ಕೃಷಕ್ ಬಗ್ಗೆ ಕೇಳಿರಲಿಲ್ಲ. ನೀವು ಕೇಳಿದ್ದು ಸಂತೋಷವಾಯಿತು.

ತೂಗುತ್ತಿದ್ದದ್ದು ಏನೆಂದು ನನಗೆ ನೆನಪಿಲ್ಲ. ಅದನ್ನು ಬಿಟ್ಟುಬಿಡಿ.

ಆ ಹಿರಿಯರಿಗೆ ಚಹಾದ ಸಕ್ಕರೆ ಕಡಿಮೆ ಮಾಡಲು ಹೇಳಿ. ನಾಲ್ಕು ಚಮಚ ಯಾರಿಗೂ ಒಳ್ಳೆಯದಲ್ಲ.

ರಾಚಪ್ಪ


ಬಸವನ ಬಾಗೇವಾಡಿ
12 ಜುಲೈ 2024

ರಾಚಪ್ಪ ಕಾಕಾ ಅವರಿಗೆ,

ಕಾಕಾ ಎಂದು ಕರೆಯಬಹುದಲ್ಲವೇ? ಹನ್ನೊಂದು ತಪ್ಪು ತೋರಿಸಿದವರನ್ನು 'ಪೂಜ್ಯರೇ' ಎಂದು ದೂರ ನಿಲ್ಲಿಸಲು ಮನಸ್ಸು ಬರಲಿಲ್ಲ. ನನ್ನನ್ನೂ ಬಾಯಿ, ಗೀಯಿ ಅನ್ನಬೇಡಿ. ಸುಮ್ಮನೆ ವರದಾ ಅನ್ನಿ.

ಎಲ್ಲವನ್ನೂ ತಿದ್ದಿದೆ. ಬಾಲದ ಗಾಲಿ ಇಳಿಸಿದ ಕೂಡಲೇ ನನ್ನ ವಿಮಾನಕ್ಕೆ ಜೀವ ಬಂತು, ಮೂಗೆತ್ತಿಕೊಂಡು ನನ್ನನ್ನೇ ನೋಡಿತು. ನನ್ನ ಯಜಮಾನರು ಪಾರ್ಥ ಆಲಮಟ್ಟಿಯ ವಿದ್ಯುತ್ ಕೇಂದ್ರದಲ್ಲಿದ್ದಾರೆ. ಅವರು ಹಳೆಯ ಜೀಪಿನ ಎರಡು ಸೀಟು ತಂದು ಪಕ್ಕಪಕ್ಕದಲ್ಲಿ ಕೂರಿಸಿದ್ದಾರೆ, ಕಬ್ಬಿಣದ ಕೊಳವೆಯಿಂದ ವಿಮಾನ ನಡೆಸುವ ಸ್ಟಿಕ್ ಮಾಡಿದ್ದಾರೆ. ನಮ್ಮ ಪಡಸಾಲೆಯಲ್ಲಿ ಈಗ ನಡೆದಾಡಲು ಜಾಗವಿಲ್ಲ.

ತೂಗುತ್ತಿದ್ದದ್ದು ಏನೆಂದು ನಾನೇ ಕಂಡುಹಿಡಿದೆ! ಗೌಂಡಿಯವರು ಗೋಡೆ ನೆಟ್ಟಗಿದೆಯೋ ಎಂದು ನೋಡಲು ಬಿಡುವ ತೂಗುಗುಂಡು ಇದೆಯಲ್ಲ, ಅಂಥದ್ದು. ವಿಮಾನ ಯಾವ ಕಡೆ ವಾಲಿದೆ ಎಂದು ನೋಡಲು ಕಟ್ಟಿರಬೇಕು. ಹಾಗೆಯೇ ಮಾಡಿ ತೂಗುಬಿಟ್ಟಿದ್ದೇನೆ. ಸರಿಯಲ್ಲವೇ?

ಇದರೊಂದಿಗೆ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿ ಇಂಜಿನ್ನಿನ ಸದ್ದಿದೆ. ಕೃಷಕ್‌ನ ಸದ್ದು ಎಲ್ಲೂ ಸಿಗಲಿಲ್ಲ, ಬೇರೊಂದು ಸಣ್ಣ ವಿಮಾನದ್ದನ್ನು ಹಾಕಿದ್ದೇನೆ. ಕಿವಿ ಕೇಳದವರಿಗೆ ಸದ್ದು ಕಳಿಸುವ ನನ್ನ ಬುದ್ಧಿಗೆ ಏನನ್ನಬೇಕೋ. ಮನೆಯಲ್ಲಿ ಯಾರಾದರೂ ಕೇಳಿ ನಿಮಗೆ ಬರೆದು ತೋರಿಸಬಹುದೇನೋ ಎಂಬ ಆಸೆ.

ಹಿರಿಯರು ಚಹಾಕ್ಕೆ ನಾಲ್ಕೇ ಚಮಚ ಹಾಕಿಕೊಳ್ಳುತ್ತಾರೆ! ಎಷ್ಟು ಸರಿಯಾಗಿ ಊಹಿಸಿದಿರಿ. ಪೈಲಟ್‌ಗಳೆಲ್ಲ ಹೀಗೆಯೇ ಏನು?

ನಿಮ್ಮ
ವರದಾ


ದೇವಣಗಾಂವ
2 ಆಗಸ್ಟ್ 2024

ಮಗಳು ವರದಾಗೆ ರಾಚಪ್ಪ ಕಾಕಾನ ಆಶೀರ್ವಾದ.

ನಮ್ಮೂರಲ್ಲಿ ನಬಿಲಾಲ ಎಂಬವನ ಮೈಕ್‌ಸೆಟ್ ಅಂಗಡಿ ಇದೆ. ಮದುವೆ, ಉರುಸು, ಜಯಂತಿ, ಎಲ್ಲಕ್ಕೂ ಅವನದೇ ಸದ್ದು. ನಿನ್ನ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಅವನ ಮುಂದೆ ಇಟ್ಟೆ. ಇಂಡಿ ಪಟ್ಟಣದಿಂದ ಹೊಸದಾಗಿ ತಂದ ಎದೆಯೆತ್ತರದ ಸ್ಪೀಕರ್ ಡಬ್ಬಿಗೆ ಹಚ್ಚಿದ. ನಾನು ಡಬ್ಬಿಯ ಮೇಲೆ ಎರಡೂ ಅಂಗೈ ಊರಿ ನಿಂತೆ.

ಇದು ನನ್ನ ಹಳೇ ಪದ್ಧತಿ. ಇಂಜಿನ್ ಚಾಲೂ ಆದ ಮೇಲೆ ರೆಕ್ಕೆಗೆ ಆಸರೆ ಕೊಟ್ಟ ಕೊಳವೆಯ ಮೇಲೆ ಕೈ ಇಟ್ಟರೆ ಒಳಗಿನದೆಲ್ಲ ಅಂಗೈಗೆ ತಿಳಿಯುತ್ತದೆ. ಪಂಪಿನ ಮೋಟಾರಿಗೂ ಹಾಗೆಯೇ. ಕಿವಿ ಹೋದದ್ದರಿಂದ ನನ್ನ ಧಂದೆಗೆ ಏನೂ ಕಡಿಮೆಯಾಗಲಿಲ್ಲ.

ನಬಿಲಾಲ ಬಾಯಿ ಆಡಿಸಿ ತೋರಿಸಿದ: "ಹ್ಯಾಂಗ ಐತೋ ಕಾಕಾ?" ನಾನು ಹೇಳಿದೆ: "ಸುಳ್ಳು ಐತಿ. ಇದು ನಾಕು ಸಿಲಿಂಡರಿಂದು. ನಮ್ದು ಆರು ಇತ್ತು." ಅವನು ನಂಬಲಿಲ್ಲ, ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಗಳೇ, ನೀನು ಹೇಳು, ಅದು ನಾಲ್ಕು ಸಿಲಿಂಡರಿನದು ಹೌದೋ ಅಲ್ಲವೋ? ಬರೆದು ಕಳಿಸು, ಅವರ ಮುಖಕ್ಕೆ ಹಿಡಿಯುತ್ತೇನೆ.

ಆರು ಸಿಲಿಂಡರಿನ ಸದ್ದು ಹುಡುಕು. ಅದು ಹೀಗೆ ಕುಟ್ಟುವುದಿಲ್ಲ, ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬರುತ್ತದೆ.

ಆ ತೂಗುಗುಂಡನ್ನು ಮಾತ್ರ ತೆಗೆದುಬಿಡು. ಅಂಥದ್ದು ಇರಲಿಲ್ಲ. ಇದೊಂದು ನನ್ನ ಮಾತು ಕೇಳು.

ರಾಚಪ್ಪ


ಬಸವನ ಬಾಗೇವಾಡಿ
29 ಆಗಸ್ಟ್ 2024

ಪ್ರೀತಿಯ ಕಾಕಾ,

ನಾಲ್ಕೇ ಸಿಲಿಂಡರ್! ನಬಿಲಾಲರಿಗೆ ಈ ಸಾಲು ತೋರಿಸಿ, ಕೆಳಗೆ ಗೆರೆ ಎಳೆದಿದ್ದೇನೆ. ಈಗ ಆರು ಸಿಲಿಂಡರಿನದು ಹಾಕಿದ್ದೇನೆ. ಹೊಸ ಪೆನ್‌ಡ್ರೈವ್ ಇಟ್ಟಿದ್ದೇನೆ, ಅಂಗೈ ಏನನ್ನುತ್ತದೋ ಹೇಳಿ.

ಇಂದು ಬೇರೊಂದು ಮಾತು ಹೇಳಬೇಕು. ಮೂರು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೆ. ನಾನು ಹೇಳಿದ ಆ ಹಿರಿಯರು ನನ್ನ ಅಪ್ಪ. ನಿಮ್ಮ ಕ್ಯಾಪ್ಟನ್ ಅನಂತ. ಫೋಟೋ ಸಿಕ್ಕಿದ್ದು ಅವರ ಗಣಿತದ ಪುಸ್ತಕದೊಳಗೆ. ಪಲ್ಟನ್ ಬಿಟ್ಟು ಬಂದ ಮೇಲೆ ಇಲ್ಲಿಯೇ ಗಣಿತ ಕಲಿಸಿ ನಿವೃತ್ತರಾದರು.

ಯಾಕೆ ಮುಚ್ಚಿಟ್ಟೆ ಎಂದರೆ, ಫೋಟೋ ಸಿಕ್ಕ ದಿನ ಅಪ್ಪನಿಗೆ "ಈ ರಾಚಪ್ಪ ಯಾರು? ಅವರನ್ನ ಕೇಳಲೇನು?" ಎಂದೆ. ಅಪ್ಪ ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟರು. "ಅಂವಗ ತ್ರಾಸ ಕೊಡಬ್ಯಾಡ. ಆ ವಿಷಯನs ಬ್ಯಾಡ" ಎಂದು ಒಳಗೆ ಹೋದರು. ನಿಮ್ಮ ಮೇಲೆ ಅವರಿಗೆ ಏನೋ ಸಿಟ್ಟಿದೆ ಎಂದುಕೊಂಡೆ. ಅವರ ಹೆಸರು ಹೇಳಿದರೆ ನೀವೂ ಬರೆಯಲಿಕ್ಕಿಲ್ಲ ಎಂದು ಹೆದರಿದೆ. ಈಗ ನಿಮ್ಮ ಮೇಲೆ ಇಷ್ಟು ಪ್ರೀತಿ ಬಂದಿರುವಾಗ ಮುಚ್ಚಿಡುವುದು ತಪ್ಪು ಅನಿಸಿತು.

ನಿಮ್ಮಿಬ್ಬರ ನಡುವೆ ಏನಾಗಿತ್ತೋ ನನಗೆ ಬೇಡ. ವಿಮಾನ ಮಾತ್ರ ಮುಗಿಸಿಕೊಡಿ. ಅಪ್ಪನಿಗೆ ಈಗ ಎದುರಿನದು ಒಂದು ಕಿಟಕಿಯಷ್ಟೇ ಕಾಣುತ್ತದೆ, ಅಕ್ಕಪಕ್ಕ ಎಲ್ಲ ಕತ್ತಲೆ.

ನಿಮ್ಮ
ವರದಾ


ಬಸವನ ಬಾಗೇವಾಡಿ
5 ಅಕ್ಟೋಬರ್ 2024

ಕಾಕಾ,

ಐದು ವಾರವಾಯಿತು, ನಿಮ್ಮ ಉತ್ತರವಿಲ್ಲ. ಅಂಚೆಯವರನ್ನು ಕೇಳಿದರೆ ಕಾಗದ ಮುಟ್ಟಿದೆ ಎನ್ನುತ್ತಾರೆ. ಸುಳ್ಳು ಹೇಳಿದ್ದಕ್ಕೆ ನೀವು ಸಿಟ್ಟಾಗಿದ್ದೀರಿ. ಆಗಿ, ನಿಮ್ಮ ಹಕ್ಕು. ಆದರೆ ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ? ಕೃಷಕ್‌ನ ಸುಖದುಃಖ ತಿಳಿಯುವವರು ಈ ಜಿಲ್ಲೆಯಲ್ಲಿ ನೀವಿಬ್ಬರೇ.

ಗಾಂಧಿ ಜಯಂತಿಯ ದಿನ ಅಪ್ಪನನ್ನು ಕೂರಿಸಿದೆ. ಕಣ್ಣು ಬೇಗ ಬೇಗ ಹೋಗುತ್ತಿದೆ, ನಿಮ್ಮ ಕಾಗದಕ್ಕೆ ಕಾಯಲಾಗಲಿಲ್ಲ. ಸ್ಟಿಕ್ ಹಿಡಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. ಎಷ್ಟು ಸಲೀಸಾಗಿ ಮೇಲೇರಿದರು ಗೊತ್ತೇ? "ಹಾಂ, ಇದು ಅದs. ಇದು ಹಿಂಗs ಎಡಕ್ಕ ಎಳೀತಿತ್ತು" ಎಂದು ನಕ್ಕರು. ಅಪ್ಪ ಹಾಗೆ ನಕ್ಕದ್ದನ್ನು ನಾನು ಕಂಡು ವರ್ಷಗಳಾಗಿದ್ದವು.

ಆಮೇಲೆ ಇಳಿಯಬೇಕಲ್ಲ. ನೆಲ ಎಷ್ಟು ಕೆಳಗಿದೆ ಎಂದು ಅವರಿಗೆ ತಿಳಿಯಲಿಲ್ಲ. ಮೊದಲ ಸಲ ಮೂಗು ಹೋಗಿ ಮರಳಿಗೆ ಬಡಿಯಿತು. ಎರಡನೇ ಸಲ ಬಹಳ ಮೇಲೆಯೇ ವೇಗ ಬಿಟ್ಟರು, ವಿಮಾನ ಕಲ್ಲಿನಂತೆ ಬಿತ್ತು. ಮೂರನೇ ಸಲವೂ ಹಾಗೆಯೇ. ಪರದೆ ಕೆಂಪಾಗಿ ನಿಂತಿತು. ಅವರು ಸೀಟಿನ ಅಂಚು ಹುಡುಕುತ್ತ ನಿಧಾನ ಎದ್ದರು. "ಸಾಕು ಮಗಾ. ನೀ ಭಾಳ ಛಂದ ಮಾಡೀದಿ. ನನ್ನ ಕಣ್ಣು ಅಷ್ಟು ಛಂದ ಉಳದಿಲ್ಲ" ಎಂದರು. ಮರುದಿನ ಪಾರ್ಥ ಕೇಳಿದರೂ ಬರಲಿಲ್ಲ. ಈಗ ಪಡಸಾಲೆಗೇ ಬರುವುದಿಲ್ಲ, ಹಿಂದಿನ ಬಾಗಿಲಿನಿಂದ ಓಡಾಡುತ್ತಾರೆ.

ಅವರಿಗೆ ಸಂತೋಷ ಕೊಡಲು ಹೋಗಿ ಕಣ್ಣಿಲ್ಲವೆಂಬುದನ್ನು ಮೂರು ಸಲ ತೋರಿಸಿಕೊಟ್ಟಂತಾಯಿತು. ನನ್ನ ಮೇಲೇ ನನಗೆ ಸಿಟ್ಟು ಬಂದಿದೆ. ಏನಾದರೂ ಉಪಾಯವಿದ್ದರೆ ಹೇಳಿ, ಇಲ್ಲದಿದ್ದರೆ ಬೈದಾದರೂ ಬರೆಯಿರಿ.

ವರದಾ


ದೇವಣಗಾಂವ
19 ಅಕ್ಟೋಬರ್ 2024

ಮಗಳೇ ವರದಾ,

ಸಿಟ್ಟು ನಿನ್ನ ಮೇಲಲ್ಲ. ನೀನು ಸುಳ್ಳು ಹೇಳಿದೆ ಎನ್ನುವುದಾದರೆ ನಾನು ಅದಕ್ಕೂ ಮೊದಲಿನವನು. ಬಾಗೇವಾಡಿಯ ಕಾಗದ, ಕೃಷಕ್ ಹಾರಿಸಿದ ಹಿರಿಯರು, ಈ ಎರಡು ಮಾತು ಓದಿದಾಗಲೇ ಸಾಹೇಬರ ಮಗಳು ಎಂದು ತಿಳಿದುಕೊಂಡಿದ್ದೆ. ನಾಲ್ಕು ಚಮಚ ಸಕ್ಕರೆಯನ್ನು ನಾನು ಊಹೆ ಮಾಡಲಿಲ್ಲ. ಒಂದು ಚಳಿಗಾಲವಿಡೀ ಅವರ ಚಹಾ ನಾನೇ ಮಾಡಿದ್ದೆ.

ಆ ತುಕಡಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ. ಅವರು ಸಾಹೇಬರು, ನಾನು ಫಿಟ್ಟರ್. ಆದರೂ ಸಂಜೆ ರೆಕ್ಕೆಯ ನೆರಳಲ್ಲಿ ಕೂತು ಜೋಳದ ರೊಟ್ಟಿಯ ಮಾತಾಡಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆವು. ಒಮ್ಮೆ ನಾನು ಮನೆಗೆ ಬರೆದೆ, "ನನ್ನ ತಾಬೇಕ್ಕ ಒಂದು ವಿಮಾನ ಕೊಟ್ಟಾರ" ಅಂತ. ನನ್ನ ಅವ್ವನ ಹೆಸರು ದುರ್ಗವ್ವ. ಆಕೆಗೆ ವಿಮಾನ ಏನು ಗೊತ್ತು? ಮಗನಿಗೆ ಸರ್ಕಾರ ಒಂದು ಎತ್ತು ಕೊಟ್ಟಿದೆ ಎನ್ನುವಷ್ಟೇ ತಿಳಿಯಿತು. ಶೇಂಗಾ ಚಟ್ನಿಯ ಗಂಟಿನೊಳಗೆ ನಮ್ಮ ಹಳೇ ಎತ್ತಿನ ಕೊರಳಿನ ಕಂಚಿನ ಗಂಟಿ ಇಟ್ಟು ಕಳಿಸಿದಳು. ಯಾರಿಂದಲೋ ಬರೆಸಿದ್ದಳು: "ಅದರ ಕೊಳ್ಳಿಗೆ ಕಟ್ಟು. ಬರೇ ಕೊಳ್ಳಾಗ ದುಡಿಸಬ್ಯಾಡ, ದೃಷ್ಟಿ ಆಗ್ತೈತಿ."

ಅವ್ವ ಹೇಳಿದ ಮೇಲೆ ಮುಗಿಯಿತು. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ, ಅದರಿಂದ ಗಂಟಿಯನ್ನು ಗಾಜಿನ ಹಿಂದಿನ ಕೊಳವೆಗೆ ತೂಗುಬಿಟ್ಟೆ. ರಬ್ಬರು ಇದ್ದುದರಿಂದ ಇಂಜಿನ್ನಿನ ಸಣ್ಣ ನಡುಕಕ್ಕೆ ಅದು ಬಾಯಿ ಬಿಡುತ್ತಿರಲಿಲ್ಲ. ಸಾಹೇಬರು ನೋಡಿ ನಕ್ಕುಬಿಟ್ಟರು. ಆದರೆ ಅವತ್ತು ಇಳಿಯುವಾಗ ಒಂದು ಚಮತ್ಕಾರವಾಯಿತು. ಇಂಜಿನ್ ತಗ್ಗಿಸಿ, ವೇಗ ಇಳಿಸುತ್ತ ಇಳಿಸುತ್ತ, ಇನ್ನು ರೆಕ್ಕೆ ಹೊರಲಾರದು ಎನ್ನುವ ಹೊತ್ತಿಗೆ ಇಡೀ ವಿಮಾನ ಒಮ್ಮೆ ಮೈ ಕೊಡವುತ್ತದೆ. ಆಗ ಗಂಟಿ ಕಿಣಿಕಿಣಿ ಅಂತು, ಗಾಲಿ ಮರಳು ಮುಟ್ಟಿತು. ಸಾಹೇಬರು ಇಳಿದವರೇ "ಗಂಟಿ ಆತು, ನೆಲಾ ಬಂತು" ಎಂದರು. ಮುಂದೆ ಪ್ರತಿಸಲ ಅದೇ ಮಾತು.

ಎಷ್ಟೋ ಸಲ ಮುಂದಿನ ಠಾಣೆಗೆ ರಿಪೇರಿಗೆಂದು ನನ್ನನ್ನೂ ಪಕ್ಕದ ಸೀಟಿನಲ್ಲಿ ಕರೆದೊಯ್ಯುತ್ತಿದ್ದರು. ಆಗ ನಾನು ಕಿಟಕಿಯಿಂದ ಕೆಳಗೆ ನೋಡುತ್ತ, ನಮ್ಮಲ್ಲಿ ಬಾವಿಯ ಆಳವನ್ನು ಒಂದು ಆಳಿನ ಎತ್ತರ, ಎರಡು ಆಳಿನ ಎತ್ತರ ಎಂದು ಹೇಳುತ್ತೇವಲ್ಲ, ಹಾಗೆ ಕೂಗುತ್ತಿದ್ದೆ: "ಮೂರಾಳು! ಎರಡಾಳು! ಒಂದಾಳು!" ತಮಾಷೆಗೆ. ಅವರೂ ನಗುತ್ತಿದ್ದರು.

ಇನ್ನು ನಿಜವಾದ ಮಾತು. ಯುದ್ಧ ಮುಗಿದ ಮೇಲೆ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಕಾಕ್‌ಪಿಟ್‌ನಲ್ಲಿ ಎತ್ತಿನ ಗಂಟಿ ಕಂಡು ಕೆಂಡವಾದರು. ಇದನ್ನು ಕಟ್ಟಿದವರು ಯಾರು ಎಂದು ಗದರಿದರು. ನಾನು ಅರಿವೆ ಹಿಡಿದುಕೊಂಡು ಮೂರು ಹೆಜ್ಜೆ ದೂರ ನಿಂತಿದ್ದೆ. ಬಾಯಿ ತೆರೆಯಿತು, ದನಿ ಬರಲಿಲ್ಲ. ನಮ್ಮ ಸಾಹೇಬರು "ನಾನೇ ಕಟ್ಟಿದ್ದು" ಎಂದರು. ಆ ದೊಡ್ಡವರು ಗಂಟಿಯನ್ನು ಕತ್ತರಿಸಿ ಮರಳಿಗೆ ಎಸೆದರು, ಸಾಹೇಬರ ಫೈಲಿನಲ್ಲಿ ಏನೋ ಬರೆಸಿದರು. ಹದಿನೈದು ದಿನದಲ್ಲಿ ಸಾಹೇಬರಿಗೆ ಬೇರೆ ಕಡೆಗೆ ವರ್ಗವಾಯಿತು. ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ. ಮುಂದೆ ಅವರು ಕ್ಯಾಪ್ಟನ್ ಆಗಿಯೇ ಪಲ್ಟನ್ ಬಿಟ್ಟರೆಂದು ಕೇಳಿದೆ. ನನ್ನ ಒಂದು ಗಂಟಿಯಿಂದ ಅವರ ನೌಕರಿ ಹೋಯಿತು. ನನ್ನ ತೋಳಿನ ಹುದ್ದೆಯ ಪಟ್ಟಿ ಉಳಿಯಿತು.

ಊರಿಗೆ ಬಂದ ಮೇಲೆ ಮೂರು ಸಲ ಬಾಗೇವಾಡಿಗೆ ಬಂದಿದ್ದೇನೆ, ಮಗಳೇ. ಮೂರು ಸಲವೂ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ತಿರುಗಿ ಹೋದೆ. ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಿದ್ದರೆ ಅದು ಸರಿಯೇ ಇದೆ.

ನೀನು ತೂಗುಗುಂಡು ಎಂದಾಗ ನನಗೆ ಅಂಜಿಕೆಯಾಯಿತು, ಸಾಹೇಬರು ಅದನ್ನು ನೋಡಿದರೆ ಎಲ್ಲ ನೆನಪಾಗುತ್ತದೆ ಅಂತ. ತೆಗೆ ಎಂದದ್ದು ಅದಕ್ಕೆ. ಈಗ ನಿನ್ನ ಕಾಗದ ಓದಿ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರಿಗೆ ಇಳಿಯಲು ಕಣ್ಣು ಬೇಡ, ಮಗಳೇ. ಗಂಟಿ ಬೇಕು. ನನಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಎರಡನೇ ಸಲ.

ಅವತ್ತು ಮರಳಿನಲ್ಲಿ ಹುಡುಕಿ ಗಂಟಿ ತೆಗೆದುಕೊಂಡೆ. ಅಂದಿನಿಂದ ನಮ್ಮ ಎಷ್ಟೋ ದನಗಳ ಕೊರಳಲ್ಲಿ ಇತ್ತು. ಇವತ್ತು ಆಕಳ ಕೊರಳಿನಿಂದ ಬಿಚ್ಚಿ ಪಾರ್ಸಲ್ ಮಾಡಿದ್ದೇನೆ. ಆಕಳು ಬೆಳಗಿನಿಂದ ನನ್ನನ್ನೇ ನೋಡುತ್ತಿದೆ. ನೀನು ಅದರ ದನಿ ಹಿಡಿದು ವಿಮಾನದೊಳಗೆ ಹಾಕು. ವಿಮಾನ ಮೈ ಕೊಡವಿದಾಗ ಮಾತ್ರ ಬಾರಿಸಬೇಕು, ಮೊದಲು ಬಾರಿಸಬಾರದು. ನೀನು ಪಕ್ಕದ ಸೀಟಿನಲ್ಲಿ ಕೂತು ಆಳು ಎಣಿಸು. ಗಂಟಿ ಯಾರು ಕಳಿಸಿದರು ಎಂದು ಹೇಳಬೇಡ.

ಹೊಸ ಸದ್ದಿಗೆ ಅಂಗೈ ಇಟ್ಟು ನೋಡಿದೆ. ಅದೇ. ನಬಿಲಾಲನ ಡಬ್ಬಿಯ ಮೇಲಿಂದ ಕೈ ತೆಗೆಯಲು ಮನಸ್ಸಾಗಲಿಲ್ಲ.

ರಾಚಪ್ಪ


ಬಸವನ ಬಾಗೇವಾಡಿ
8 ನವೆಂಬರ್ 2024

ನನ್ನ ಪ್ರೀತಿಯ ಕಾಕಾ,

ಗಂಟಿ ಧನತೇರಸದ ದಿನ ಬಂತು. ಹುಲ್ಲಿನ ವಾಸನೆ ಇನ್ನೂ ಇತ್ತು. ಸಾಲೆಯ ರಜೆಯಲ್ಲಿ ಅದರ ದನಿಯನ್ನು ನೂರು ಸಲ ಹಿಡಿದೆ. ವಿಮಾನದ ನಡುಕಕ್ಕೆ ಅದನ್ನು ಹೊಂದಿಸಿದೆ.

ಪಾಡ್ಯದ ದಿನ ಬೆಳಗ್ಗೆ ಎಣ್ಣೆನೀರು ಮುಗಿಸಿ ಅಪ್ಪ ಹಿತ್ತಲಲ್ಲಿ ಕೂತಿದ್ದರು. ನಾನು ಅವರನ್ನು ಕರೆಯಲಿಲ್ಲ. ಪಡಸಾಲೆಯಲ್ಲಿ ನಾನೇ ವಿಮಾನ ಇಳಿಸಿದೆ. ಗಂಟಿ ಆಯಿತು. ಹಿತ್ತಲಿನಲ್ಲಿ ಲೋಟ ಬಿದ್ದ ಸದ್ದು ಕೇಳಿತು. ಗೋಡೆ ಹಿಡಿದುಕೊಂಡು ಅಪ್ಪ ಬಂದರು. "ಮತ್ತೊಮ್ಮೆ ಬಾರಿಸು" ಎಂದರು. ಬಾರಿಸಿದೆ. ಅವರು ನನ್ನನ್ನು ಎಬ್ಬಿಸಿ ಎಡಗಡೆಯ ಸೀಟಿನಲ್ಲಿ ಕೂತರು.

ಮೇಲೇರಿ ಒಂದು ಸುತ್ತು ಹಾಕಿ, ಮರಳಿನ ಪಟ್ಟಿಗೆ ಮುಖ ಮಾಡಿದರು. ಇಂಜಿನ್ ತಗ್ಗಿತು. ನಾನು ಪರದೆ ನೋಡುತ್ತ "ಮೂರಾಳು" ಎಂದೆ. ಅವರ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮುಂದುವರಿಯಿತು. "ಎರಡಾಳು. ಒಂದಾಳು." ಅಪ್ಪ ಸ್ಟಿಕ್ ಅನ್ನು ಎದೆಗೆ ಎಳೆದುಕೊಳ್ಳುತ್ತ ಕಣ್ಣು ಮುಚ್ಚಿಬಿಟ್ಟರು, ಕಾಕಾ. ಪೂರ್ತಿ ಮುಚ್ಚಿದರು. ಗಂಟಿ ಕಿಣಿಕಿಣಿ ಅಂತು. ಮೂರು ಗಾಲಿಯೂ ಒಟ್ಟಿಗೆ ನೆಲ ಮುಟ್ಟಿದವು. ಒಂದೂ ಪುಟಿತವಿಲ್ಲ.

"ಗಂಟಿ ಆತು, ನೆಲಾ ಬಂತು" ಎಂದು ಅಪ್ಪ ತಾವೇ ಹೇಳಿದರು. ಪಾರ್ಥ ಅಡುಗೆಮನೆಗೆ ಹೋಗಿ ಅತ್ತರು. ನಾನು ಅಲ್ಲೇ ಅತ್ತೆ. ಅಪ್ಪ ಮಾತ್ರ "ರಾಚಪ್ಪ ಎಲ್ಲಿದ್ದಾನ?" ಎಂದು ಕೇಳಿದರು.

ನೀವು ಹೇಳಬೇಡ ಎಂದದ್ದನ್ನು ನಾನು ನಡೆಸಲಿಲ್ಲ. ನಿಮ್ಮ ಕಾಗದಗಳನ್ನೆಲ್ಲ ಓದಿ ಹೇಳಿದೆ. ಅವರು ಉತ್ತರವನ್ನು ತಾವೇ ಬರೆಯುತ್ತೇನೆಂದು ಹಟ ಹಿಡಿದರು. ನಾನು ಕಾಗದದ ಮೇಲೆ ಅಳತೆಪಟ್ಟಿ ಇಟ್ಟು ಸಾಲು ತೋರಿಸಿದೆ, ಆದರೂ ಸಾಲುಗಳು ಇಳಿಜಾರಾಗಿವೆ. ಜೊತೆಗಿಟ್ಟಿದ್ದೇನೆ.

ನಿಮ್ಮ ಮಗಳು
ವರದಾ


8 ನವೆಂಬರ್

ರಾಚಪ್ಪಾ,

ನೀನು ಐವತ್ತು ವರ್ಷ ದಡ್ಡನ ಹಾಗೆ ಒಂದು ಮಾತು ಹೊತ್ತುಕೊಂಡು ತಿರುಗಿದೆ. ನಾನು ಇನ್ನೊಂದನ್ನು ಹೊತ್ತುಕೊಂಡಿದ್ದೆ. ಕೇಳು.

ಗಂಟಿಯಿಂದ ನನ್ನ ನೌಕರಿ ಹೋಗಲಿಲ್ಲ. ಫೈಲಿನಲ್ಲಿ ಬರೆದದ್ದು ಒಂದು ಎಚ್ಚರಿಕೆ, ಅಷ್ಟೇ. ಮುಂದಿನ ವರ್ಷ ಕಣ್ಣಿನ ತಪಾಸಣೆಯಲ್ಲಿ ನಾಪಾಸಾದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಇವತ್ತಿನವರೆಗೆ ವರದಾಗೂ ಗೊತ್ತಿರಲಿಲ್ಲ. ನಿನ್ನ ಜೊತೆಗೆ ಹಾರುವಾಗಲೇ ನನ್ನ ಎಡಗಣ್ಣು ಮಂಕಾಗಿತ್ತು. ನೆಲ ಎಷ್ಟು ದೂರ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಹೇಳಿದರೆ ಹಾರಲು ಬಿಡುವುದಿಲ್ಲವೆಂದು ಮುಚ್ಚಿಟ್ಟೆ. ನೀನು ಆಳು ಎಣಿಸುತ್ತಿದ್ದದ್ದು ತಮಾಷೆಗೆ. ನಾನು ಕೇಳುತ್ತಿದ್ದದ್ದು ತಮಾಷೆಗೆ ಅಲ್ಲ. ಒಬ್ಬನೇ ಇದ್ದಾಗ ನಿನ್ನ ಅವ್ವನ ಗಂಟಿ ನಂಬಿ ಇಳಿದೆ.

ಆ ದೊಡ್ಡವರಿಗೆ "ನಾನೇ" ಎಂದದ್ದು ನಿನ್ನನ್ನು ಉಳಿಸಲಿಕ್ಕೆ ಅಂತ ನೀನು ತಿಳಿದಿದ್ದೀಯ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆ ಗಂಟಿ ನನ್ನ ಕಣ್ಣಾಗಿತ್ತು, ಅದಕ್ಕೆ ನನ್ನದು ಎಂದೆ. ಅರೆಗಣ್ಣಿನಲ್ಲಿ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದೆನಲ್ಲ, ಆ ತಪ್ಪಿಗೆ ನಿನ್ನ ಮುಖ ನೋಡಲಾಗದೆ ಹೊರಟುಹೋದೆ. ನಿನ್ನ ಹೆಸರು ಕೇಳಿದಾಗ ಚಹಾ ಬಿಟ್ಟು ಎದ್ದದ್ದೂ ಅದಕ್ಕೇ.

ಗಂಟಿ ನನ್ನ ಹತ್ತಿರ ಇದೆ. ಅಂಚೆಯಲ್ಲಿ ಕಳಿಸುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಬೇಡ, ಮನೆಯಲ್ಲಿ ಮಾಡು. ನನಗೆ ನಾಲ್ಕು ಚಮಚ.

ಅನಂತ


ದೇವಣಗಾಂವ
20 ನವೆಂಬರ್ 2024

ಸಾಹೇಬರಿಗೆ ರಾಚಪ್ಪನ ಸಲಾಮು.

ನಿಮ್ಮ ಕಾಗದದ ಸಾಲುಗಳು ಕೃಷಕ್‌ನ ಹಾಗೆ ಒಂದೇ ಕಡೆ ಎಳೆದಿವೆ. ಆದರೂ ಒಂದಕ್ಷರ ಬಿಡದೆ ಓದಿದೆ, ಬಾಳಮ್ಮನಿಗೂ ಓದಿ ಹೇಳಿದೆ. ಅರೆಗಣ್ಣಿನ ಸಾಹೇಬರ ಪಕ್ಕ ಕೂತು ಹಾರಿದೆನಲ್ಲ ಎಂದು ಈಗ ಕೈಕಾಲು ನಡುಗಿದವು. ಐವತ್ತು ವರ್ಷ ತಡವಾಗಿ ನಡುಗಿದರೆ ಏನು ಬಂತು? ನನ್ನನ್ನು ಪ್ರತಿಸಲ ನೆಲಕ್ಕೆ ಮುಟ್ಟಿಸಿದ್ದೀರಿ. ಉಳಿದದ್ದು ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಸೋಮವಾರ ಬರುತ್ತೇನೆ. ಬಾಳಮ್ಮನೂ ಬರುತ್ತಾಳೆ, ಬಸ್ ಸ್ಟ್ಯಾಂಡಿನಿಂದ ನಾನು ತಿರುಗಿ ಹೋಗದಂತೆ ಹಿಡಿದುಕೊಳ್ಳಲಿಕ್ಕೆ. ಹಿತ್ತಲಿನ ನಿಂಬೆಹಣ್ಣು, ಅವ್ವನ ಕೈಯ ರುಚಿಯ ಶೇಂಗಾ ಚಟ್ನಿ ತರುತ್ತೇವೆ. ಗಂಟಿ ಮಾತ್ರ ಎಳ್ಳಮಾವಾಸ್ಯೆಗೆ ಮೊದಲು ಆಕಳ ಕೊರಳಿಗೆ ಬರಬೇಕು. ನೀವೇ ನಮ್ಮ ಹೊಲಕ್ಕೆ ಬಂದು ಕಟ್ಟಬೇಕು. ವರದಾ, ಪಾರ್ಥ ಇಬ್ಬರೂ ಬರಲಿ.

ಒಂದು ಪಂಚಾಯಿತಿ ಇದೆ. ನಾನು ಬಂದು ಬಾಗಿಲಲ್ಲಿ ನಿಂತರೆ ನಿಮಗೆ ಕಾಣುವುದಿಲ್ಲ. ನೀವು ಒಳಗಿನಿಂದ ಬಾ ಎಂದರೆ ನನಗೆ ಕೇಳುವುದಿಲ್ಲ. ಅದಕ್ಕೆ ವರದಾಗೆ ಹೇಳಿ ಆ ಗಂಟಿಯನ್ನು ಮುಂಬಾಗಿಲಿಗೆ ಕಟ್ಟಿಸಿರಿ. ಬಂದವನೇ ನಾನು ಬಾರಿಸುತ್ತೇನೆ.

ಗಂಟಿ ಆದರೆ, ನೆಲ ಬಂತು ಅಂತ ತಿಳಿಯಿರಿ.

ರಾಚಪ್ಪ